ಅಜ್ಜಿ, ನೀನು ಕರಡಿಯಲ್ಲ!

ಮಕ್ಕಳೇ, ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯ ಅಜ್ಜಿ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿಸಿದ್ದಾಯಿತು. ಮಾರನೆಯ ದಿನ ಬೆಳಿಗ್ಗೆಯೇ ನರ್ಸ್ ವಾಕರ್ ಹಿಡಿದುಕೊಂಡು ಬಂದು, "ಏಳಿ ಅಜ್ಜಿ, ನಾಲ್ಕು ಹೆಜ್ಜೆ ಹಾಕೋಣ" ಎಂದರು. ನನಗೆ ಸಿಟ್ಟು ಬಂತು. "ನಿನ್ನೆ ತಾನೇ ಆಪರೇಷನ್ ಆಗಿದೆ. ಪಾಪ, ಮಲಗಲಿ ಬಿಡಿ ಸಿಸ್ಟರ್" ಎಂದೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಯಜಮಾನರೇ, ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ದಿನಾ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿರುವುದೂ ಅದಕ್ಕೇ" ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ, ಐದನೇ ಕ್ಲಾಸಿನ ಮೊಮ್ಮಗಳು ಕಣ್ಣರಳಿಸಿ ಕೇಳಿದಳು: "ತಾತ, ಕರಡಿ ಚಳಿಗಾಲ ಪೂರ್ತಿ ಮಲಗೇ ಇರುತ್ತಂತೆ. ಅದಕ್ಕೆ ಯಾಕೆ ರಕ್ತ ಹೆಪ್ಪುಗಟ್ಟಲ್ಲ?"

ನನಗೇನು ಗೊತ್ತು! ಬ್ಯಾಂಕಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಹಾಗೆ, "ನಾಳೆ ನೋಡೋಣ ಪುಟ್ಟಿ" ಎಂದುಬಿಟ್ಟೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿ ಓದಿದಾಗ ತಿಳಿಯಿತು, ದೊಡ್ಡ ದೊಡ್ಡ ಡಾಕ್ಟರುಗಳೂ ಇದೇ ಪ್ರಶ್ನೆ ಹಿಡಿದುಕೊಂಡು ಹಿಮದ ಕಾಡಿಗೆ ಹೋಗಿದ್ದಾರೆ ಅಂತ!

ಮೊದಲು ಒಂದು ಮಾತು. ನಮ್ಮ ದರೋಜಿ ಕರಡಿಧಾಮದ ಕಪ್ಪು ಕರಡಿಗಳು ಹೀಗೆ ತಿಂಗಳುಗಟ್ಟಲೆ ಮಲಗುವುದಿಲ್ಲ. ಅವುಗಳಿಗೆ ಗೆದ್ದಲು, ಇರುವೆ, ಜೇನು, ಹಣ್ಣು ಅಂತ ವರ್ಷವಿಡೀ ಏನಾದರೂ ಸಿಗುತ್ತದೆ. ಉದ್ದ ನಿದ್ದೆ ಮಾಡುವುದು ಚಳಿದೇಶದ ಕರಡಿಗಳು. ಯುರೋಪಿನ ಉತ್ತರದಲ್ಲಿ ಸ್ವೀಡನ್ ಎಂಬ ದೇಶವಿದೆ. ಅಲ್ಲಿ ಚಳಿಗಾಲದಲ್ಲಿ ಕಾಡೆಲ್ಲ ಹಿಮದಡಿ ಮುಚ್ಚಿಹೋಗುತ್ತದೆ, ತಿನ್ನಲು ಏನೂ ಸಿಗದು. ಅದಕ್ಕೇ ಅಲ್ಲಿನ ಕಂದು ಕರಡಿ ಚಳಿಗೆ ಮುಂಚೆ ಕಾಡಿನ ಸಣ್ಣ ಸಣ್ಣ ಹಣ್ಣುಗಳನ್ನು ಹೊಟ್ಟೆ ತುಂಬ ತಿಂದು ಮೈಯಲ್ಲಿ ಕೊಬ್ಬು ಕೂಡಿಡುತ್ತದೆ. ಆಮೇಲೆ ಗವಿ ಸೇರಿ, ಆ ಠೇವಣಿಯಿಂದ ಚೂರು ಚೂರೇ ತೆಗೆದು ಖರ್ಚು ಮಾಡುತ್ತಾ ಐದಾರು ತಿಂಗಳು ಕಳೆಯುತ್ತದೆ.

ಅಷ್ಟೂ ದಿನ ಊಟವಿಲ್ಲ, ನೀರಿಲ್ಲ, ಒಂದಕ್ಕೆ ಎರಡಕ್ಕೆ ಹೋಗುವುದೂ ಇಲ್ಲ. ನಮ್ಮ ಹೃದಯ ನಿಮಿಷಕ್ಕೆ 70-80 ಸಲ ಬಡಿದರೆ, ಮಲಗಿದ ಕರಡಿಯದು ಸುಮಾರು 10 ಸಲ ಬಡಿಯುತ್ತದೆ. ಮೂತ್ರವಾಗಿ ಹೊರಹೋಗಬೇಕಾದ ಯೂರಿಯಾವನ್ನೇ ಅದರ ದೇಹ ಮತ್ತೆ ಪ್ರೋಟೀನು ಮಾಡಿಕೊಳ್ಳಲು ಬಳಸುತ್ತದೆ. ಹಾಗಾಗಿ ಮಾಂಸಖಂಡ ಅಷ್ಟಾಗಿ ಸೊರಗುವುದಿಲ್ಲ. ಅದರ ಮೂಳೆಯೂ ಸವೆಯುವುದಿಲ್ಲ. ತಾಯಿ ಕರಡಿಯಂತೂ ನಡುಚಳಿಗಾಲದಲ್ಲಿ ಗವಿಯೊಳಗೇ ಮರಿ ಹಾಕಿ, ತಾನು ಉಪವಾಸವಿದ್ದೂ ಮರಿಗೆ ಹಾಲೂಡಿಸುತ್ತದೆ. ವಸಂತ ಬಂದಾಗ ಎದ್ದು ನಡೆಯುತ್ತದೆ. ವಾಕರ್ ಬೇಡ, ಇಂಜೆಕ್ಷನ್ ಬೇಡ!

ಸ್ವೀಡನ್ನಿನಲ್ಲಿ 1984ರಿಂದ ಕಂದು ಕರಡಿಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ. ವಿಜ್ಞಾನಿಗಳು ಕಾಡಿನ ಕೆಲವು ಕರಡಿಗಳ ಕೊರಳಿಗೆ ಪಟ್ಟಿ ಕಟ್ಟಿ, ಅವು ಎಲ್ಲೆಲ್ಲಿ ಓಡಾಡುತ್ತವೆ, ಯಾವ ಗವಿಯಲ್ಲಿ ಮಲಗಿವೆ ಎಂದು ಲೆಕ್ಕ ಇಡುತ್ತಾರೆ. ಈ ಲೆಕ್ಕದ ಪುಸ್ತಕ ಇದ್ದುದರಿಂದಲೇ ಹೃದಯದ ಡಾಕ್ಟರುಗಳಿಗೆ ಕರಡಿಯ ಗವಿ ಸಿಕ್ಕಿತು. ಫೆಬ್ರವರಿಯ ಚಳಿಯಲ್ಲಿ ಹಿಮ ತುಳಿದುಕೊಂಡು ಅವರು ಗವಿಯ ಹತ್ತಿರ ಹೋಗುತ್ತಾರೆ. ಮಲಗಿದ ಕರಡಿಗೆ ಅರಿವಳಿಕೆ ಮದ್ದು ಕೊಟ್ಟು, ಮೆಲ್ಲಗೆ ಹೊರಗೆಳೆದು, ರಕ್ತ ತೆಗೆದುಕೊಂಡು, ಮತ್ತೆ ಗವಿಯೊಳಗೇ ಮಲಗಿಸಿ ಬರುತ್ತಾರೆ. ಬೇಸಿಗೆಯಲ್ಲಿ ಅದೇ ಕರಡಿಯನ್ನು ಹುಡುಕಿ ಇನ್ನೊಂದು ಸಲ ರಕ್ತ ತೆಗೆಯುತ್ತಾರೆ. ಆಗ ಅದು ಎಚ್ಚರವಾಗಿರುತ್ತದೆ, ಓಡುತ್ತಿರುತ್ತದೆ. ಹೆಲಿಕಾಪ್ಟರಿನಿಂದ ಮದ್ದಿನ ಸೂಜಿ ಹಾರಿಸಬೇಕು!

ಹೀಗೆ 13 ಕರಡಿಗಳ ಚಳಿಗಾಲದ ರಕ್ತವನ್ನೂ ಬೇಸಿಗೆಯ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಜರ್ಮನಿಯ ಮ್ಯೂನಿಕ್‌ನ ವೈದ್ಯ ಟೋಬಿಯಾಸ್ ಪೆಟ್ಸೋಲ್ಡ್ ಮತ್ತು ಸಂಗಡಿಗರು 2023ರಲ್ಲಿ ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಡೆಂಗಿ ಜ್ವರ ಬಂದಾಗ "ಪ್ಲೇಟ್‌ಲೆಟ್ ಎಷ್ಟಿದೆ?" ಎಂದು ದೊಡ್ಡವರು ಕೇಳುವುದನ್ನು ಕೇಳಿದ್ದೀರಲ್ಲವೇ? ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಕಣಗಳು ಅವು. ಅಂಟಬಾರದ ಕಡೆ ಅಂಟಿದರೆ ಅದೇ ಅಪಾಯದ ಹೆಪ್ಪು. ಪ್ಲೇಟ್‌ಲೆಟ್‌ನಲ್ಲಿ ಎಚ್‌ಎಸ್‌ಪಿ47 ಎಂಬ ಒಂದು ಪ್ರೋಟೀನು ಇದೆ. ಹೆಪ್ಪುಗಟ್ಟುವ ಕೆಲಸಕ್ಕೆ ಅದು ಕುಮ್ಮಕ್ಕು ಕೊಡುತ್ತದೆ. ಬೇಸಿಗೆಯ ಕರಡಿಯಲ್ಲಿ ಈ ಪ್ರೋಟೀನು 55 ಪಾಲು ಇದ್ದರೆ, ಮಲಗಿದ ಕರಡಿಯಲ್ಲಿ ಒಂದೇ ಪಾಲು! ಕರಡಿಯ ರಕ್ತ ಸುಲಭವಾಗಿ ಹೆಪ್ಪುಗಟ್ಟದಿರಲು ಇದೇ ದೊಡ್ಡ ಕಾರಣ.

ಇನ್ನೂ ಸೋಜಿಗದ ಸಂಗತಿ ಕೇಳಿ. ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಓಡಾಡಲಾಗದ ಮನುಷ್ಯರಲ್ಲೂ ಈ ಪ್ರೋಟೀನು ಕಡಿಮೆಯಾಗಿತ್ತು. ಆರೋಗ್ಯವಂತರನ್ನು ಸುಮಾರು ನಾಲ್ಕು ವಾರ ಹಾಸಿಗೆಯಲ್ಲೇ ಇರಿಸಿ ನೋಡಿದಾಗ ಅವರಲ್ಲೂ ಇಳಿಯಿತು. ಅಂದರೆ ಕರಡಿಗೆ ಗೊತ್ತಿರುವ ವಿದ್ಯೆ ನಮ್ಮ ದೇಹಕ್ಕೂ ಒಂದಿಷ್ಟು ಗೊತ್ತಿದೆ. ಆದರೆ ನಮ್ಮ ದೇಹ ಅದನ್ನು ಶುರುಮಾಡಲು ತಡ ಮಾಡುತ್ತದೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಆ ರಕ್ಷಣೆ ನಮಗೆ ಸಿಗುವುದಿಲ್ಲ. ಈ ಪ್ರೋಟೀನನ್ನು ತಡೆಯುವ ಔಷಧ ಮುಂದೆ ಬಂದರೆ, ಎಷ್ಟೋ ಅಜ್ಜ-ಅಜ್ಜಿಯರಿಗೆ ಅನುಕೂಲವಾದೀತು.

ಕರಡಿ ಅಂದರೆ ಬೆದರಿಸುವ ಪ್ರಾಣಿ, ಇಲ್ಲವೇ ಹಿಂದೆ ಊರೂರಿಗೆ ಬರುತ್ತಿದ್ದ ಕರಡಿಯಾಟ ಎಂದಷ್ಟೇ ನಾನು ತಿಳಿದಿದ್ದೆ. ನಾನೂ ಚಿಕ್ಕವನಿದ್ದಾಗ ಆ ಆಟಕ್ಕೆ ಕಾಸು ಹಾಕಿದ್ದೇನೆ. ಮೂಗಿಗೆ ಹಗ್ಗ ಪೋಣಿಸಿದ ಆ ಪ್ರಾಣಿಯಿಂದ ಯಾವ ಡಾಕ್ಟರು ಏನು ಕಲಿಯಬಹುದಿತ್ತು? ಈ ಪಾಠ ಸಿಕ್ಕಿದ್ದು ಕಾಡಿನಲ್ಲಿ ತನ್ನ ಪಾಡಿಗೆ ತಾನು ತಿಂದು, ಮಲಗಿ, ಎದ್ದ ಕರಡಿಯಿಂದ. ಕಾಡು ಹೋದರೆ ಈ ಪಾಠವೂ ಹೋಯಿತು.

ನಮ್ಮ ಮನೆಯ ಕಥೆ ಎಲ್ಲಿಗೆ ಬಂತು? ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿಗೆ ನಡೆಯಲು ಭಯ. "ಇನ್ನೊಂದು ದಿನ ಹೋಗಲಿ" ಎನ್ನುವರು. ನಾನೂ ಪ್ರೀತಿಯಿಂದ "ಆಗಲಿ" ಎನ್ನುತ್ತಿದ್ದೆ. ಅದು ತಪ್ಪು ಪ್ರೀತಿ. ಒಂದು ಸಂಜೆ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಜ್ಜಿ, ನೀನು ಕರಡಿಯಲ್ಲ! ಏಳು!" ಎಂದಳು. ಅಜ್ಜಿ ನಕ್ಕರು, ನಗುತ್ತಲೇ ಎದ್ದರು. ಅವತ್ತು ಹಾಸಿಗೆಯಿಂದ ದೇವರ ಮನೆಯವರೆಗೆ 22 ಹೆಜ್ಜೆ. ಮೊಮ್ಮಗಳು ಎಣಿಸಿ ಕ್ಯಾಲೆಂಡರಿನ ಮೇಲೆ ಬರೆದಳು. ಈಗ ಬೀದಿಯ ಕೊನೆಯ ತರಕಾರಿ ಅಂಗಡಿಯವರೆಗೆ ಹೋಗಿ ಬರುತ್ತಾರೆ.

ಹಿರಿಯರೇ, ಡಾಕ್ಟರು "ನಡೆಯಿರಿ" ಎಂದರೆ ನಾಳೆಗೆ ಮುಂದೂಡಬೇಡಿ. ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಷನ್ ಆಗಿ ಮಲಗಿದ್ದರೆ, ಡಾಕ್ಟರನ್ನು ಕೇಳಿಕೊಂಡು, ಅವರ ಕೈಹಿಡಿದು ದಿನಾ ನಾಲ್ಕು ಹೆಜ್ಜೆ ನಡೆಸಿ. ಎಣಿಸಿ ಬರೆದಿಡುವುದನ್ನು ಮರೆಯಬೇಡಿ.