ಉತ್ತರ ಬಾರದ 90 ಸೆಕೆಂಡಿಗೂ ಪರೀಕ್ಷೆ ಬೇಕು

ಡಿಜಿಟಲ್ ಪಾವತಿಯ ದೃಢೀಕರಣಕ್ಕೆ ರಿಸರ್ವ್ ಬ್ಯಾಂಕ್ ರೂಪಿಸಿರುವ ಹೊಸ ನಿರ್ದೇಶನಗಳ ಚರ್ಚೆ ಒಟಿಪಿ ಉಳಿಯುತ್ತದೋ ಹೋಗುತ್ತದೋ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ಅವುಗಳ ಜಾರಿಯ ಗಡುವು 2026ರ ಏಪ್ರಿಲ್ 1. ಬೆರಳಚ್ಚು, ಮುಖಚಹರೆಯಂಥ ಹೊಸ ದಾರಿಗಳನ್ನು ಸೇರಿಸುವ ಪ್ರತಿಯೊಂದು ಬ್ಯಾಂಕೂ ಆ್ಯಪ್ಪೂ ತಂತ್ರಾಂಶವನ್ನು ತಿದ್ದಿ, ಮತ್ತೆ ಜೋಡಿಸಿ, ಪರೀಕ್ಷೆಗೆ ಒಡ್ಡಬೇಕು. ಆ ಪರೀಕ್ಷೆಯಲ್ಲಿ ನೋಡುವುದಾದರೂ ಏನನ್ನು? ಈ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಲೈವ್ ಆಗುವ ಮುನ್ನ ತಂತ್ರಾಂಶ ದಾಟಬೇಕಾದ ನಮ್ಮ ಪ್ರಮಾಣೀಕರಣ ಒಂದೊಂದೇ ವ್ಯವಹಾರದ ಗುಣ ನೋಡಿ ಸಹಿ ಹಾಕುತ್ತದೆ. ಸಾವಿರಾರು ವ್ಯವಹಾರಗಳು ಒಮ್ಮೆಲೇ ಅತಂತ್ರವಾದಾಗ ಅದೇ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಲೈವ್ ಆದ ಮೇಲೆ, ಜನರ ದುಡ್ಡಿನ ಮೇಲೆ ಗೊತ್ತಾಗುತ್ತಿದೆ.

2025ರ ಏಪ್ರಿಲ್ 12 ನೆನಪಿರಲಿ. ಮೂರು ವಾರದೊಳಗೆ ಯುಪಿಐ ಮತ್ತೆ ಮತ್ತೆ ಕೈಕೊಟ್ಟ ದಿನಗಳವು. ಅಂದು ದಾಳಿಕೋರರು ಯಾರೂ ನುಗ್ಗಿರಲಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು ‘ಚೆಕ್ ಟ್ರಾನ್ಸಾಕ್ಷನ್’ ಕೋರಿಕೆಗಳ ಪ್ರವಾಹ. ಹಣ ಹೋಯಿತೋ ಇಲ್ಲವೋ ಎಂದು ವಿಚಾರಿಸುವ ಕೋರಿಕೆ ಅದು. ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ಹಳೆಯ ವ್ಯವಹಾರಗಳ ಬಗ್ಗೆಯೂ ಬಿಡದೆ ಕೇಳುತ್ತಲೇ ಇದ್ದವು. ಬ್ಯಾಂಕುಗಳ ನಡುವೆ ಕೋರಿಕೆ ದಾಟಿಸುವ ಸ್ವಿಚ್ ನಿಧಾನವಾದಷ್ಟೂ ಉತ್ತರ ತಡವಾಯಿತು. ಉತ್ತರ ತಡವಾದಷ್ಟೂ ಪ್ರಶ್ನೆ ಹೆಚ್ಚಿತು. ಹಾಗೆ ಕೇಳುತ್ತಿದ್ದವೆಲ್ಲ ಪ್ರಮಾಣೀಕರಣ ಮುಗಿಸಿಯೇ ಒಳಬಂದ ವ್ಯವಸ್ಥೆಗಳು. ನನ್ನನ್ನು ಕಾಡುವುದು ಈ ಸಂಗತಿಯೇ.

ಎರಡು ವಾರದ ನಂತರ ಬಂದ ಎನ್‌ಪಿಸಿಐ ಸುತ್ತೋಲೆಯಲ್ಲಿ ಒಂದು ಸಂಖ್ಯೆ ಇತ್ತು: 90 ಸೆಕೆಂಡ್. ವ್ಯವಹಾರ ಶುರುವಾಗಿ ಅಷ್ಟು ಹೊತ್ತು ಕಳೆಯದೆ ಸ್ಥಿತಿ ವಿಚಾರಿಸಬಾರದು. ಎರಡು ಗಂಟೆಯೊಳಗೆ ಮೂರು ಸಲಕ್ಕಿಂತ ಹೆಚ್ಚು ಕೇಳಬಾರದು. ದೇಶದ ಪಾವತಿ ವ್ಯವಸ್ಥೆಯ ಆರೋಗ್ಯ ನಿಂತಿರುವುದು ಇಷ್ಟು ಸರಳವಾದ ತಾಳ್ಮೆಯ ಮೇಲೆ. ಆದರೆ ಆಗಸ್ಟ್ 1ರಂದು ಹೊಸ ಮಿತಿಗಳು ಜಾರಿಯಾದಾಗ ತಲೆಬರಹವಾದದ್ದು ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂಬುದು. ಅದಕ್ಕೂ ಮೊದಲು, ಜೂನ್‌ನಲ್ಲಿ ಪಾವತಿಯ ಉತ್ತರಕ್ಕಿದ್ದ 30 ಸೆಕೆಂಡ್ ಅವಧಿ 15ಕ್ಕೆ ಇಳಿದಾಗ ‘ಯುಪಿಐ ಇನ್ನಷ್ಟು ವೇಗ’ ಎಂದು ಸಂಭ್ರಮಿಸಿದೆವು. ವೇಗ ಸುದ್ದಿಯಾಗುತ್ತದೆ, ಕಾಯುವುದು ಆಗುವುದಿಲ್ಲ.

ಸುತ್ತೋಲೆ ಉಪದೇಶ ಮಾಡಬಲ್ಲದು, ತಡೆಯಲಾರದು. ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಕೇಳಬೇಕು ಎಂಬುದು ತಂತ್ರಾಂಶದಲ್ಲಿ ಯಾರೋ ಬರೆದ ಒಂದೆರಡು ಸಾಲು. ಪರೀಕ್ಷೆಗೆಂದೇ ಇರುವ ಸ್ಯಾಂಡ್‌ಬಾಕ್ಸಿನಲ್ಲಿ ಆ ಸಾಲುಗಳಿಗೆ ಕೆಲಸವೇ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಎದುರಿನ ಬ್ಯಾಂಕ್ ಸದಾ ಎಚ್ಚರವಾಗಿರುತ್ತದೆ. ಪಿನ್ ತಪ್ಪಾದರೆ, ಖಾತೆಯಲ್ಲಿ ಹಣವಿಲ್ಲದಿದ್ದರೆ ಸರಿಯಾದ ಕೋಡ್ ಬರುತ್ತದೆಯೇ ಎಂದು ಟೆಸ್ಟ್ ಕೇಸ್‌ಗಳು ನೋಡುತ್ತವೆ. ಅವೆಲ್ಲ ಉತ್ತರ ಬಂದ ಸೋಲುಗಳು. ಉತ್ತರವೇ ಬಾರದ ಸೋಲು ಬೇರೆ: ಡೆಬಿಟ್ ಆಗಿದೆ, ಕ್ರೆಡಿಟ್ ಗೊತ್ತಿಲ್ಲ, ಆಚೆಯಿಂದ ಸದ್ದಿಲ್ಲ. ಅದೇ ಕ್ಷಣದಲ್ಲಿ ಇನ್ನೂ ಸಾವಿರಾರು ಪಾವತಿಗಳ ಪಾಡೂ ಅದೇ. ಏಪ್ರಿಲ್ 12ರಂದು ವ್ಯವಸ್ಥೆ ಎಡವಿದ್ದು ಇಲ್ಲಿ.

ಬಿಎಂಟಿಸಿ ಬಸ್ಸಿನಲ್ಲಿ ಸ್ಕ್ಯಾನ್ ಮಾಡಿದ ಪ್ರಯಾಣಿಕನ ಫೋನಿನ ಪರದೆ ‘ಪ್ರೊಸೆಸಿಂಗ್’ ಎಂದು ತಿರುಗುತ್ತಲೇ ಇದ್ದರೆ ಕಂಡಕ್ಟರ್ ಎಷ್ಟು ಹೊತ್ತು ಕಾದಾನು? ಮುಂದಿನ ನಿಲ್ದಾಣ ಬಂದಿರುತ್ತದೆ, ಬಾಗಿಲಲ್ಲಿ ಜನ ನಿಂತಿರುತ್ತಾರೆ. ಪ್ರಯಾಣಿಕ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತಾನೆ. ಒಂದು ಟಿಕೆಟ್ಟಿಗೆ ಎರಡು ವ್ಯವಹಾರ, ಎರಡರ ಹಿಂದೆಯೂ ವಿಚಾರಣೆಗಳ ಸಾಲು. ಮೊದಲ ಪಾವತಿ ಅಂಗಡಿಗೋ ಬಸ್ಸಿಗೋ ತಲುಪದೆ ಖಾತೆಯಿಂದ ಮಾತ್ರ ಕಳೆದಿದ್ದರೆ, ಅದು ಮರಳಲು ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಐದು ದಿನದವರೆಗೆ ಕಾಲಾವಕಾಶವಿದೆ. ದಿನಕ್ಕೆ ₹100ರ ಪರಿಹಾರ ಶುರುವಾಗುವುದು ಆಮೇಲೆ. ದಿನಗೂಲಿಯವನಿಗೆ ಐದು ದಿನ ಸಣ್ಣದಲ್ಲ.

ಪ್ರಮಾಣೀಕರಣವನ್ನು ಹಗುರ ಮಾಡಿ, ಸಣ್ಣ ಕಂಪನಿಗಳು ಸಾಲಿನಲ್ಲಿ ಕಾದು ಬಸವಳಿಯುತ್ತಿವೆ ಎನ್ನುವವರಿದ್ದಾರೆ. ದೂರು ಸುಳ್ಳಲ್ಲ. ಪದೇಪದೇ ಅದೇ ನಮೂನೆ ತುಂಬಿಸುವ ಕೆಲಸವನ್ನು ಕಡಿಮೆ ಮಾಡಲಿ, ನನ್ನ ತಕರಾರಿಲ್ಲ. ಆದರೆ ಉಳಿಸಿದ ಸಮಯವನ್ನು ಮೌನದ ಪರೀಕ್ಷೆಗೆ ಕೊಡಲಿ. ಪರೀಕ್ಷಿಸುವವರು ಬೇಕೆಂದೇ ಉತ್ತರ ತಡೆಹಿಡಿಯಲಿ. ಎರಡು ನಿಮಿಷ ಬಿಟ್ಟು ಉತ್ತರ ಕಳಿಸಲಿ. ಒಂದೇ ಉತ್ತರವನ್ನು ಎರಡು ಸಲ ಕಳಿಸಿ, ಲೆಕ್ಕ ಎರಡು ಸಲ ಬೀಳುತ್ತದೆಯೇ ನೋಡಲಿ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ವರದಿ ಬರುತ್ತದಲ್ಲ ಎಂದರೆ, ವರದಿ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಆ್ಯಪ್ ಮಾತ್ರ ವರ್ಷವಿಡೀ ಅಪ್‌ಡೇಟ್ ಆಗುತ್ತಲೇ ಇರುತ್ತದೆ. ಮರುಕೋರಿಕೆಯ ಆ ಸಾಲುಗಳನ್ನು ಮುಟ್ಟಿದ ಪ್ರತಿ ಸಲವೂ ಈ ಪರೀಕ್ಷೆ ಕಡ್ಡಾಯವಾಗಬೇಕು.

2025ರ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ತಿಂಗಳಿಗೆ 2,000 ಕೋಟಿ ದಾಟಿತು. ಯಾವ ಬ್ಯಾಂಕಿನಲ್ಲಿ ಎಷ್ಟು ಶೇಕಡಾ ಪಾವತಿಗಳು ತಾಂತ್ರಿಕ ಕಾರಣಕ್ಕೆ ಬಿದ್ದವು ಎಂಬ ಪಟ್ಟಿಯನ್ನು ಎನ್‌ಪಿಸಿಐ ಈಗಾಗಲೇ ತಿಂಗಳು ತಿಂಗಳೂ ಹೆಸರು ಸಮೇತ ಪ್ರಕಟಿಸುತ್ತದೆ. ಅದಕ್ಕೆ ಇನ್ನೊಂದು ಕಾಲಂ ಸೇರಿಸಲಿ: 90 ಸೆಕೆಂಡ್ ಕಾಯದೆ ಕೇಳಿದವರು ಯಾರು, ಎಷ್ಟು ಸಲ.