ಕೊರತೆ ಆಹಾರದ್ದಲ್ಲ, ಮಾಹಿತಿಯದು

ಹಾಲು, ತುಪ್ಪವನ್ನೂ ತ್ಯಜಿಸಿ ವೀಗನ್ ಆಗಿರುವ ನನಗೆ ಕ್ಯೋಟೊ ನಗರದಲ್ಲಿ ತೊಡಕಾದುದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ‘ದಾಶಿ’. ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನಿಂದ ತೆಗೆಯುವ ಈ ತಿಳಿರಸ ಮಿಸೊ ಸೂಪಿನಲ್ಲೂ ಬೇಯಿಸಿದ ತರಕಾರಿಯಲ್ಲೂ ಬೆರೆತಿರುತ್ತದೆ. ಮಾಂಸವಿದೆಯೇ ಎಂದು ಕೇಳಿದರೆ ಇಲ್ಲವೆಂಬ ಉತ್ತರ ಪ್ರಾಮಾಣಿಕವೇ; ಮಾಂಸಕ್ಕೆ ಅವರು ಬಳಸುವ ‘ನಿಕು’ ಎಂಬ ಪದದಲ್ಲಿ ಮೀನು ಸಾಮಾನ್ಯವಾಗಿ ಸೇರುವುದಿಲ್ಲ.

ಹಾಗೆಂದು ಆ ನಾಡಿಗೆ ಸಸ್ಯಾಹಾರ ಅಪರಿಚಿತವೇನಲ್ಲ. ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’ ಪಾಕಪದ್ಧತಿಯಲ್ಲಿ ಸಮುದ್ರಪಾಚಿ, ಒಣ ಅಣಬೆಗಳಿಂದಲೇ ರಸ ತೆಗೆಯುತ್ತಾರೆ. ತೆನ್‌ರ್ಯೂಜಿ ದೇಗುಲದ ಭೋಜನಶಾಲೆಯಲ್ಲಿ ಅದನ್ನು ಉಣ್ಣಬಹುದು. ಅಗ್ಗವಲ್ಲ ಎಂಬುದು ಬೇರೆ ಮಾತು.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದು ಪೂರೈಕೆಯ ಅಭಾವವಲ್ಲ. 2022ರಲ್ಲಿ ಜಪಾನ್ ಸರ್ಕಾರ ವೀಗನ್ ಆಹಾರಕ್ಕೆ ಮಾನದಂಡ ರೂಪಿಸಿತಾದರೂ ಅದರ ಪಾಲನೆ ಐಚ್ಛಿಕ. ದಾಶಿ ಯಾವುದರಿಂದ ತೆಗೆದದ್ದೆಂದು ಮೆನುವಿನಲ್ಲಿ ನಮೂದಿಸುವುದನ್ನಾದರೂ ಕಡ್ಡಾಯಗೊಳಿಸಬೇಕು.