ಗೋಡೆ ಮುಚ್ಚುವ ಮುನ್ನ

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಮೂವತ್ತು ವರ್ಷಗಳ ಶಾಲಾಸೇವೆಯಿಂದ ನಿವೃತ್ತರಾಗಿ, ಕೈಗೆ ಬಂದ ಹಣದಲ್ಲಿ ದಾವಣಗೆರೆಯಲ್ಲಿ ಮನೆಯೊಂದನ್ನು ಕಟ್ಟಿಸಿದರು. ಗೃಹಪ್ರವೇಶಕ್ಕೆ ನಾವೆಲ್ಲರೂ ಹೋಗಿದ್ದೆವು. ಪೂಜೆ, ಪ್ರಸಾದ ಎಲ್ಲವೂ ಸಾಂಗವಾಗಿ ನೆರವೇರಿದವು. ಬಚ್ಚಲುಮನೆಯ ಹೊಳೆಯುವ ಟೈಲ್ಸನ್ನು ಬಂದವರೆಲ್ಲ ಮೆಚ್ಚಿದರು. ನಾಲ್ಕು ತಿಂಗಳು ಕಳೆದಿರಲಿಲ್ಲ; ಬಚ್ಚಲಿಗೆ ಹೊಂದಿಕೊಂಡಿದ್ದ ಪೂಜಾಗೃಹದ ಗೋಡೆಯ ಮೇಲೆ ಅಂಗೈಯಗಲದ ತೇವ ಕಾಣಿಸಿಕೊಂಡಿತು. ಬಣ್ಣದವರು ಬಂದು ಕೆರೆದು, ಪುಟ್ಟಿ ತುಂಬಿ, ಮತ್ತೆ ಬಣ್ಣ ಬಳಿದು ಹೋದರು. ಒಂದು ತಿಂಗಳಲ್ಲಿ ತೇವ ಮೊರದಗಲವಾಯಿತು. ಕೊನೆಗೆ ಬಚ್ಚಲಿನ ಟೈಲ್ಸ್ ಒಡೆಸಿ ನೋಡಿದಾಗ, ಗೋಡೆಯೊಳಗಿನ ಒಂದು ಎಲ್ಬೋವಿಗೆ ಅಂಟನ್ನೇ ಹಚ್ಚಿರಲಿಲ್ಲ! ಕೊಳವೆಯನ್ನು ಒಣದಾಗಿಯೇ ಒತ್ತಿ ಕೂರಿಸಿ, ಮೇಲೆ ಗಾರೆ ಮೆತ್ತಲಾಗಿತ್ತು.

"ನಲ್ಲಿ ತಿರುಗಿಸಿದರೆ ಎಲ್ಲ ಕಡೆಯೂ ನೀರು ಬರುತ್ತಿತ್ತಲ್ಲಪ್ಪ, ಸರಿಯಾಗಿದೆಯೆಂದೇ ತಿಳಿದಿದ್ದೆ" ಎಂದು ಆ ಹಿರಿಯರು ನನ್ನೊಡನೆ ನೊಂದುಕೊಂಡರು. ಒಡೆದ ಟೈಲ್ಸಿಗೆ ಹೊಂದುವ ಬಣ್ಣ ಮತ್ತೆ ಅಂಗಡಿಯಲ್ಲಿ ದೊರೆಯಲಿಲ್ಲ. ಇಂದಿಗೂ ಆ ಗೋಡೆಯಲ್ಲಿ ಬೇರೆ ಬಣ್ಣದ ಆರು ಟೈಲ್ಸ್ ಇವೆ. ಹೊಸದಾಗಿ ಮನೆ ಕಟ್ಟಿಸುತ್ತಿರುವ ಓದುಗ ಬಂಧುಗಳಿಗೆ ಈ ತಿಂಗಳು ಹೇಳಬೇಕಾದ ಮಾತು ಅವರ ಆ ಒಂದು ವಾಕ್ಯದಲ್ಲಿಯೇ ಇದೆ. ನಲ್ಲಿಯಲ್ಲಿ ನೀರು ಬರುವುದು ಕೊಳವೆಯ ಕೆಲಸಕ್ಕೆ ಪರೀಕ್ಷೆಯಲ್ಲ.

ಇದಕ್ಕೆ ಕಾರಣವನ್ನು ತಿಳಿಯೋಣ. ಹತ್ತು ಮೀಟರ್ ಎತ್ತರದ ನೀರು ಕೆಳಗೆ ಉಂಟುಮಾಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ಒತ್ತಡ ಅದಕ್ಕಿಂತಲೂ ಕಡಿಮೆ. ಆದರೆ ಇಂದು ಮನೆಗಳಲ್ಲಿ ಬಳಸುವ ಎಸ್‌ಡಿಆರ್ 11 ದರ್ಜೆಯ ಸಿಪಿವಿಸಿ ಕೊಳವೆಯು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 28 ಕೆ.ಜಿ. ಒತ್ತಡವನ್ನು ತಾಳಬಲ್ಲದು. ಆದುದರಿಂದ ಒಳ್ಳೆಯ ಕೊಳವೆಯು ತಾನಾಗಿ ಒಡೆಯುವುದು ಅಪರೂಪ. ಸೋರುವುದು ಬಹುತೇಕ ಜೋಡಣೆಯಲ್ಲಿ. ಅಂಟಿಲ್ಲದ ಜೋಡಣೆಯೂ ಬಿಗಿಯಾಗಿ ಕುಳಿತಿದ್ದರೆ ಟ್ಯಾಂಕಿನ ಅಲ್ಪ ಒತ್ತಡವನ್ನು ಕೆಲವು ದಿನ, ಕೆಲವು ತಿಂಗಳು ತಡೆದುಕೊಂಡು ನಿಲ್ಲುತ್ತದೆ. ಅಷ್ಟರಲ್ಲಿ ಟೈಲ್ಸ್ ಕೂಡಿಸಿ, ಕೂಲಿಯ ಲೆಕ್ಕವೂ ತೀರಿರುತ್ತದೆ.

ಮೊದಲು ಕೊಳವೆಯನ್ನೇ ನೋಡಬೇಕು. ಪ್ರತಿಯೊಂದು ಉದ್ದದ ಮೇಲೂ ಐಎಸ್‌ಐ ಗುರುತು, ಅಳತೆ, ದರ್ಜೆಗಳನ್ನು ಅಚ್ಚೊತ್ತಿರುತ್ತಾರೆ. ಬಿಸಿನೀರು, ತಣ್ಣೀರು ಎರಡಕ್ಕೂ ಸಲ್ಲುವ ಸಿಪಿವಿಸಿ ಕೊಳವೆಗೆ ಐಎಸ್ 15778 ಎಂಬ ಸಂಖ್ಯೆ, ತಣ್ಣೀರಿನ ಯುಪಿವಿಸಿ ಕೊಳವೆಗೆ ಐಎಸ್ 4985 ಎಂಬ ಸಂಖ್ಯೆ ಇರತಕ್ಕದ್ದು. ಈ ಎರಡನೆಯದು 45 ಡಿಗ್ರಿಗಿಂತ ಹೆಚ್ಚು ಬಿಸಿಯಾದ ನೀರಿಗೆ ಯೋಗ್ಯವಲ್ಲ. ಸೋಲಾರ್ ಅಥವಾ ಗೀಸರಿನಿಂದ ಹೊರಡುವ ಕೊಳವೆಗೆ ನಾಲ್ಕು ಕಾಸು ಉಳಿಯಲೆಂದು ಬಿಳಿಯ ಯುಪಿವಿಸಿಯನ್ನು ಹಾಕಿಸುವವರಿದ್ದಾರೆ. ಅದು ಕಾಲಕ್ರಮದಲ್ಲಿ ಮೆತ್ತಗಾಗಿ ಜೋಲುತ್ತದೆ, ಜೋಡಣೆಗಳು ಸಡಿಲುತ್ತವೆ. ಸಿಪಿವಿಸಿಯ ಬಲವೂ ಬಿಸಿಯಲ್ಲಿ ಕುಗ್ಗುತ್ತದೆ. 82 ಡಿಗ್ರಿಯಲ್ಲಿ ಅದು ತಾಳುವುದು ಸುಮಾರು 7 ಕೆ.ಜಿ. ಮಾತ್ರ. ಮನೆಯ ಬಳಕೆಗೆ ಅಷ್ಟು ಧಾರಾಳವಾಗಿ ಸಾಕು. ಪಿವಿಸಿ ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಲು ಕೇಂದ್ರ ಸರಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿದೆ. ಕುಡಿಯುವ ನೀರಿನ ಕೊಳವೆಯನ್ನು ಗುರುತಿಲ್ಲದ ಅಗ್ಗದ ಮಾಲಿನಲ್ಲಿ ಕೊಳ್ಳಬಾರದೆಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಜೋಡಣೆ. ಕೊಳವೆಯನ್ನು ನೇರವಾಗಿ ಕತ್ತರಿಸಬೇಕು. ಓರೆಯಾದರೆ ಒಳಗೆ ಅಂಟು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಕತ್ತರಿಸಿದ ಅಂಚಿನ ತರಿಯನ್ನು ಕೆರೆದು, ಧೂಳು ಮತ್ತು ತೇವವನ್ನು ಒಣಬಟ್ಟೆಯಿಂದ ಒರೆಸಿ, ಕೊಳವೆಯ ಹೊರಗೂ ಎಲ್ಬೋವಿನ ಒಳಗೂ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ಒತ್ತಿ, ಅರ್ಧ ನಿಮಿಷ ಬಿಗಿಹಿಡಿಯಬೇಕು. ಕೂಡಲೇ ಕೈಬಿಟ್ಟರೆ ಕೊಳವೆಯು ತುಸು ಹಿಂದಕ್ಕೆ ಸರಿಯುತ್ತದೆ. ಸರಿಯಾದ ಜೋಡಣೆಯ ಬಾಯಿಯ ಸುತ್ತಲೂ ಅಂಟಿನ ತೆಳುವಾದ ಉಂಗುರ ಎಲ್ಲಿಯೂ ತುಂಡಾಗದೆ ಕಾಣುತ್ತದೆ. ಒಣದಾಗಿ ಕೂರಿಸಿದ ಕೊಳವೆಯು ಸಾಮಾನ್ಯವಾಗಿ ತಳ ಮುಟ್ಟುವುದಿಲ್ಲ. ಅರ್ಧದಾರಿಯಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಎಷ್ಟು ಆಳಕ್ಕೆ ಇಳಿಯಬೇಕೆಂದು ಪೆನ್ಸಿಲಿನಿಂದ ಮೊದಲೇ ಗೆರೆ ಹಾಕಿಸಿದರೆ ಈ ದೋಷ ಕಣ್ಣಿಗೇ ಕಾಣುತ್ತದೆ. ಡಬ್ಬಿಯಲ್ಲಿ ಸಲ್ಯೂಷನ್ ಲೋಳೆಯಂತೆ ಗಟ್ಟಿಯಾಗಿದ್ದರೆ ಅದನ್ನು ಎಸೆಯಬೇಕೇ ಹೊರತು ತೆಳುಮಾಡಿ ಬಳಸಬಾರದು. ಸಿಪಿವಿಸಿಗೆ ಸಿಪಿವಿಸಿಯ ಸಲ್ಯೂಷನ್ನೇ ಆಗಬೇಕು.

ನಲ್ಲಿ ಕೂರುವ ಕಡೆ ಹಿತ್ತಾಳೆಯ ಮರೆ ಇರುವ ಎಲ್ಬೋವನ್ನೇ ಹಾಕಿಸಿರಿ. ಬರಿಯ ಪ್ಲಾಸ್ಟಿಕ್ ಮರೆಗೆ ಟೇಪನ್ನು ದಪ್ಪನಾಗಿ ಸುತ್ತಿ ಬಲವಂತವಾಗಿ ತಿರುಗಿಸಿದರೆ ಅದು ಸೀಳುತ್ತದೆ. ಬಿಸಿನೀರಿನ ಕೊಳವೆಯು ಹಿಗ್ಗುತ್ತದೆಂಬುದೂ ನೆನಪಿರಲಿ. 10 ಮೀಟರ್ ಉದ್ದದ ಸಿಪಿವಿಸಿಯು 50 ಡಿಗ್ರಿ ಬಿಸಿಯೇರಿದಾಗ ಸುಮಾರು 3 ಸೆಂಟಿಮೀಟರ್ ಬೆಳೆಯುತ್ತದೆ. ತಾರಸಿಯ ಮೇಲೆ ಹಾಯ್ದುಬರುವ ಕೊಳವೆಯ ಕ್ಲಾಂಪುಗಳು ಅದನ್ನು ಕಚ್ಚಿ ಹಿಡಿಯದೆ, ಅಲುಗಲು ಎಡೆಗೊಡಬೇಕು. ಅಲ್ಲಿ ಬಿಸಿಲು ತಾಗುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಣ್ಣ ಬಳಿಸುವುದು ಒಳಿತು.

ಇಷ್ಟೆಲ್ಲ ನೋಡಿದ ಮೇಲೆಯೂ ಮುಖ್ಯವಾದ ಪರೀಕ್ಷೆಯೊಂದು ಉಳಿಯುತ್ತದೆ. ಕೊನೆಯ ಜೋಡಣೆಯಾಗಿ ಒಂದು ದಿನ ಕಳೆಯಲಿ. ಗೋಡೆಯ ಕಾಲುವೆಗಳು ಇನ್ನೂ ತೆರೆದಿರಲಿ. ನಲ್ಲಿ, ಗೀಸರುಗಳನ್ನು ಕೂಡಿಸಿರಬಾರದು. ಎಲ್ಲ ಬಾಯಿಗಳಿಗೂ ಬಿರಡೆ ಹಾಕಿ, ಕೆಳಗಿನಿಂದ ನಿಧಾನವಾಗಿ ನೀರು ತುಂಬಿ, ಮೇಲಿನ ಬಾಯಿಯಿಂದ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಅನಂತರ ಮುಳ್ಳಿನ ಮಾಪಕವಿರುವ ಕೈಪಂಪಿನಿಂದ ಒತ್ತಡ ಏರಿಸಬೇಕು. ಸಿಪಿವಿಸಿಗೆ 10 ಕೆ.ಜಿ.ವರೆಗೆ ಏರಿಸಿ ಒಂದು ಗಂಟೆ ಬಿಡುವ ರೂಢಿಯಿದೆ. ಮುಳ್ಳು ನಿಂತಲ್ಲೇ ನಿಂತರೆ ಕೆಲಸ ಸರಿಯಾಗಿದೆ. ಇಳಿದರೆ ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡುತ್ತ ಹೋಗಬೇಕು. ಟ್ಯಾಂಕಿನ ಒತ್ತಡಕ್ಕೆ ಬಗ್ಗದ ಅಂಟಿಲ್ಲದ ಜೋಡಣೆ ಇಲ್ಲಿ ಬಯಲಾಗುತ್ತದೆ. ಈ ಪರೀಕ್ಷೆಯನ್ನು ಗಾಳಿಯ ಕಂಪ್ರೆಸರಿನಿಂದ ಮಾತ್ರ ಎಂದಿಗೂ ಮಾಡಿಸಬೇಡಿರಿ. ಒತ್ತಿದ ಗಾಳಿಯಿಂದ ಪ್ಲಾಸ್ಟಿಕ್ ಸಿಡಿದು ಚೂರುಗಳು ಹಾರಿದರೆ ಪ್ರಾಣಾಪಾಯವುಂಟು.

ಪ್ಲಂಬರನು ಮೋಸಗಾರನೆಂದು ಭಾವಿಸಿ ಈ ಮಾತು ಹೇಳುತ್ತಿಲ್ಲ. ಅವನು ಮೊದಲು ಎಲ್ಲವನ್ನೂ ಒಣದಾಗಿ ಜೋಡಿಸಿ ಅಳತೆ ನೋಡುತ್ತಾನೆ. ಬಳಿಕ ಒಂದೊಂದಾಗಿ ಬಿಚ್ಚಿ ಅಂಟಿಸುತ್ತಾನೆ. ನಡುವೆ ಊಟದ ಹೊತ್ತಾಯಿತು, ಇಲ್ಲವೇ ಬೇರೆ ಮನೆಯಿಂದ ಕರೆ ಬಂದಿತೆಂದರೆ ನೂರು ಜೋಡಣೆಗಳಲ್ಲಿ ಒಂದು ಮರೆತುಹೋಗುವುದು ಮನುಷ್ಯಸಹಜ. ಪರೀಕ್ಷೆಯು ಅವನ ಹೆಸರನ್ನೂ ಕಾಯುತ್ತದೆ. ತನ್ನ ಕಾಯಕದಲ್ಲಿ ನಿಷ್ಠೆಯುಳ್ಳವನು ಇದಕ್ಕೆ ಬೇಡವೆನ್ನಲಾರನು. ಆದರೆ ಕೆಲಸ ಮುಗಿದ ಮೇಲೆ ಕೇಳಿದರೆ ಜಗಳವಾಗುತ್ತದೆ. ಆದ್ದರಿಂದ ಕೂಲಿ ಮಾತಾಡುವ ದಿನವೇ "ಪ್ರೆಷರ್ ಟೆಸ್ಟ್ ಆದ ಮೇಲೆಯೇ ಗಾರೆ, ಕೊನೆಯ ಕಂತೂ ಆಮೇಲೆಯೇ" ಎಂದು ಸ್ಪಷ್ಟವಾಗಿ ಮಾತಾಡಿಕೊಳ್ಳಿರಿ. ಗೃಹಪ್ರವೇಶದ ಮುಹೂರ್ತವನ್ನು ಮೊದಲು ಗೊತ್ತುಮಾಡಿ ಕೆಲಸವನ್ನು ಅದಕ್ಕೆ ಓಡಿಸುವ ರೂಢಿ ನಮ್ಮಲ್ಲಿದೆ. ಆ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಈ ಒಂದು ಗಂಟೆಯೇ.

ಪರೀಕ್ಷೆ ಮುಗಿದ ದಿನ, ಗಾರೆ ಬೀಳುವ ಮುನ್ನ, ಪ್ರತಿ ಗೋಡೆಗೂ ಅಳತೆಯ ಪಟ್ಟಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಿಡಿರಿ. ಅದರ ಪ್ರತಿಯನ್ನು ಮನೆಯ ಪತ್ರಗಳ ಜೊತೆಗಿಟ್ಟರೆ ಮುಂದೆ ಮೊಳೆ ಹೊಡೆಯುವಾಗ ಮಕ್ಕಳಿಗೂ ಉಪಕಾರವಾಗುತ್ತದೆ.

ದಾವಣಗೆರೆಯ ಆ ಹಿರಿಯರು ಈಗ ಯಾರ ಮನೆಯ ಕೆಲಸ ನಡೆದಿದ್ದರೂ ಹೋಗಿ ಮೊದಲು ಕೇಳುವುದು, "ಮುಳ್ಳು ನಿಂತಿತೇ?" ಎಂದು.